ಸುಂದರ್ ಲಾಲ್ ಹೋರಾ

ಸುಂದರ್ ಲಾಲ್ ಹೋರಾ (ಮೇ 1896 – 8 ಡಿಸೆಂಬರ್ 1955) ಭಾರತದ ಹೆಸರಾಂತ ಮತ್ಸ್ಯವಿಜ್ಞಾನಿ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದ ಇವರು ಬೆಟ್ಟದ ತೊರೆಗಳಲ್ಲಿ ಬಾಳುವ ಮೀನುಗಳ ದೇಹರಚನೆ, ಗಾಳಿಯನ್ನು ಉಸಿರಾಡುವ ಮೀನುಗಳು, ಕ್ಯಾಟ್‌ಫಿಷ್‌ಗಳ ವರ್ಗೀಕರಣ ಮತ್ತು ಸಿಹಿನೀರಿನ ಮೀನುಗಳ ಭೌಗೋಳಿಕ ಹಂಚಿಕೆಯ ಕುರಿತು ನಡೆಸಿದ ಸಂಶೋಧನೆಗಳಿಂದ ಪ್ರಸಿದ್ಧರಾದರು. ಪಶ್ಚಿಮ ಘಟ್ಟಗಳ ಜೀವಿಗಳಿಗೂ ಪೂರ್ವ ಹಿಮಾಲಯ ಹಾಗೂ ಮಲಯ ಪ್ರದೇಶದ ಜೀವಿಗಳಿಗೂ ಇರುವ ಹೋಲಿಕೆಯನ್ನು ವಿವರಿಸಲು ಇವರು ಮಂಡಿಸಿದ ವಿಚಾರವು ಸಾತ್ಪುರ ಸಿದ್ಧಾಂತವೆಂದು ಹೆಸರಾಗಿದೆ. ಕೇರಳದ ಬಾವಿಗಳಲ್ಲಿ ದೊರೆಯುವ, ಕಣ್ಣೂ ಮೈಬಣ್ಣವೂ ಇಲ್ಲದ ಪುಟ್ಟ ಸಿಹಿನೀರಿನ ಕ್ಯಾಟ್‌ಫಿಷ್‌ಗಳ ಕುಲಕ್ಕೆ ಇವರ ಗೌರವಾರ್ಥ ಹೋರಾಗ್ಲಾನಿಸ್ ಎಂದು ಹೆಸರಿಡಲಾಗಿದೆ.

ಆರಂಭಿಕ ಜೀವನ ಮತ್ತು ವಿದ್ಯಾಭ್ಯಾಸ

ಹೋರಾ ಅವರು ಅಂದಿನ ಅವಿಭಜಿತ ಪಂಜಾಬ್ ಪ್ರಾಂತ್ಯದ ಹಾಫಿಜಾಬಾದ್‌ನಲ್ಲಿ ಜನಿಸಿದರು. ಈ ಊರು ಈಗ ಪಾಕಿಸ್ತಾನದಲ್ಲಿದೆ. ಜಾಲಂಧರ್‌ನಲ್ಲಿ ಶಾಲಾ ಶಿಕ್ಷಣವನ್ನು ಮುಗಿಸಿ, ಲಾಹೋರಿನಲ್ಲಿ ಕಾಲೇಜು ವ್ಯಾಸಂಗ ಮಾಡಿದರು. 1919ರಲ್ಲಿ ಪ್ರಾಣಿಶಾಸ್ತ್ರಜ್ಞ ಥಾಮಸ್ ನೆಲ್ಸನ್ ಆನಂಡೇಲ್ ಲಾಹೋರಿನ ಕಾಲೇಜಿಗೆ ಭೇಟಿ ನೀಡಿದಾಗ ಅವರಿಗೆ ಈ ತರುಣನ ಪರಿಚಯವಾಯಿತು. 1916ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯಕ್ಕೆ ಆನಂಡೇಲ್ ಮೊದಲ ನಿರ್ದೇಶಕರು. ಅವರ ಆಹ್ವಾನದ ಮೇರೆಗೆ ಹೋರಾ ಕಲ್ಕತ್ತೆಗೆ ತೆರಳಿ ಸರ್ವೇಕ್ಷಣಾಲಯವನ್ನು ಸೇರಿದರು. ಅಲ್ಲಿಂದ ಮುಂದೆ ಅವರ ವೃತ್ತಿಜೀವನದ ಬಹುಭಾಗ ಆ ಸಂಸ್ಥೆಯೊಂದಿಗೇ ಕಳೆಯಿತು.

1920ರಲ್ಲಿ ಹೋರಾ ಮಣಿಪುರಕ್ಕೆ ಹೋಗಿ ಅಲ್ಲಿನ ಮೀನುಗಳನ್ನು ಸಂಗ್ರಹಿಸಿದರು. ಮಣಿಪುರದ ಮೀನುಗಳು ಹಾಗೂ ಮೀನುಗಾರಿಕೆಯನ್ನು ಕುರಿತ ಅವರ ಪ್ರಬಂಧವು 1921ರಲ್ಲಿ ಪ್ರಕಟವಾಯಿತು. ಅದೇ ವರ್ಷ ಸರ್ವೇಕ್ಷಣಾಲಯದ ಮೀನು ಮತ್ತು ಸರೀಸೃಪ ವಿಭಾಗದ ಹೊಣೆ ಅವರ ಪಾಲಿಗೆ ಬಂದಿತು. ಮುಂದೆ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿ ಡಾಕ್ಟರ್ ಆಫ್ ಸೈನ್ಸ್ ಪದವಿ ಪಡೆದರು. 1929ರಲ್ಲಿ ಎಡಿನ್‌ಬರೋ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ಅವರ ಹೆಸರನ್ನು ಸೂಚಿಸಿದವರಲ್ಲಿ ಜೇಮ್ಸ್ ಹಾರ್ಟ್ಲಿ ಆಶ್‌ವರ್ತ್ ಮತ್ತು ಹಿಂದೆ ಲಾಹೋರಿನಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸಿದ್ದ ಜಾನ್ ಸ್ಟೀಫನ್‌ಸನ್ ಸೇರಿದ್ದರು.

ಬೆಟ್ಟದ ತೊರೆಗಳ ಮೀನುಗಳ ಅಧ್ಯಯನ

ಈಶಾನ್ಯದ ಬೆಟ್ಟಗಳಲ್ಲಿ ಕೆಲಸ ಮಾಡುವಾಗ ಹೋರಾ ಅವರ ಗಮನವು ಕಡಿದಾದ ಇಳಿಜಾರಿನಲ್ಲಿ ಧುಮ್ಮಿಕ್ಕಿ ಹರಿಯುವ ತೊರೆಗಳ ಮೀನುಗಳತ್ತ ಹರಿಯಿತು. ಇಂತಹ ನೀರಿನಲ್ಲಿ ಆಮ್ಲಜನಕಕ್ಕೆ ಕೊರತೆಯಿಲ್ಲ. ಆದರೆ ಸೆಳವಿಗೆ ಸಿಕ್ಕಿ ಕೊಚ್ಚಿಹೋಗದೆ ನಿಲ್ಲುವುದೇ ಮೀನಿನ ಮುಖ್ಯ ಸಮಸ್ಯೆ. ತೊರೆಮೀನುಗಳ ದೇಹದ ಪ್ರತಿಯೊಂದು ವೈಶಿಷ್ಟ್ಯವನ್ನೂ ಈ ಸಮಸ್ಯೆಯ ಬೆಳಕಿನಲ್ಲಿ ನೋಡಬಹುದೆಂದು ಹೋರಾ ತೋರಿಸಿದರು. ಇವುಗಳ ಹೊಟ್ಟೆಯ ಭಾಗ ಚಪ್ಪಟೆಯಾಗಿರುತ್ತದೆ. ಜೋಡಿ ಈಜುರೆಕ್ಕೆಗಳು ಅಗಲವಾಗಿ ಹರಡಿ ದೇಹದ ಇಕ್ಕೆಲಗಳಲ್ಲಿ ಬಂಡೆಗೆ ಒತ್ತಿಕೊಳ್ಳುತ್ತವೆ. ಗಾರಾ ಕುಲದ ಮೀನುಗಳಲ್ಲಿ ಕೆಳದುಟಿಯ ಹಿಂದೆ ಬಿಲ್ಲೆಯಂತಹ ಹೀರುಅಂಗ ಬೆಳೆದಿದೆ. ಗ್ಲಿಪ್ಟೊಥೊರ್ಯಾಕ್ಸ್ ಎಂಬ ಕ್ಯಾಟ್‌ಫಿಷ್‌ಗಳಲ್ಲಿ ಎದೆಯ ಚರ್ಮವು ನೆರಿಗೆಗಟ್ಟಿ ಕಲ್ಲನ್ನು ಹಿಡಿದುಕೊಳ್ಳುವ ಸಾಧನವಾಗಿದೆ.

ಅಂಗಗಳು ಬೆಳೆಯುವಂತೆಯೇ ಕುಗ್ಗುವುದೂ ಉಂಟು. ನೀರಿನಲ್ಲಿ ಮೇಲೇರಲು ಮತ್ತು ತೇಲಲು ನೆರವಾಗುವ ಗಾಳಿಚೀಲವು ತಳದ ಬಂಡೆಗೆ ಅಂಟಿಕೊಂಡು ಬಾಳುವ ಮೀನಿಗೆ ಅಷ್ಟಾಗಿ ಬೇಕಿಲ್ಲ. ಅನೇಕ ತೊರೆಮೀನುಗಳಲ್ಲಿ ಅದು ಚಿಕ್ಕದಾಗಿ ಮೂಳೆಯ ಗೂಡಿನೊಳಗೆ ಸೇರಿಕೊಂಡಿದೆ. ಪರಸ್ಪರ ಹತ್ತಿರದ ಸಂಬಂಧವಿಲ್ಲದ ಮೀನುಗಳು, ಕೀಟಗಳ ಮರಿಹುಳುಗಳು ಮತ್ತು ಗೊದಮೊಟ್ಟೆಗಳು ಒಂದೇ ಬಗೆಯ ಸೆಳವಿನಲ್ಲಿ ಬಾಳುವುದರಿಂದ ಒಂದೇ ಬಗೆಯ ಅಂಗರಚನೆಯನ್ನು ಪಡೆದಿರುವುದನ್ನೂ ಅವರು ಗುರುತಿಸಿದರು. 1922ರಲ್ಲಿ ಆರಂಭಗೊಂಡ ಈ ಪ್ರಕಟಣೆಗಳ ಸಾಲಿನಲ್ಲಿ, 1930ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್ ಪತ್ರಿಕೆಯಲ್ಲಿ ಬಂದ ದೀರ್ಘ ಪ್ರಬಂಧವು ಪ್ರಮುಖವಾದುದು. ಚಪ್ಪಟೆ ದೇಹದ ಹೊಮಲಾಪ್ಟೆರಿಡ್ ಮೀನುಗಳ ವರ್ಗೀಕರಣ ಮತ್ತು ವಿಕಾಸವನ್ನು ಕುರಿತ ಅವರ ಗ್ರಂಥವು 1932ರಲ್ಲಿ ಹೊರಬಂದಿತು.

ಕ್ಯಾಟ್‌ಫಿಷ್‌ಗಳು ಮತ್ತು ಗಾಳಿ ಉಸಿರಾಡುವ ಮೀನುಗಳು

ಕ್ಯಾಟ್‌ಫಿಷ್‌ಗಳು ಬಾಯಿಯ ಸುತ್ತ ಮೀಸೆಯಂತಹ ಎಳೆಗಳುಳ್ಳ, ಮೈಮೇಲೆ ಹುರುಪೆಗಳಿಲ್ಲದ ಮೀನುಗಳು. ಕರ್ನಾಟಕದ ಕೆರೆಗಳಲ್ಲಿ ಸಿಗುವ ಮುರುಗೋಡು, ಚೇಳುಮೀನುಗಳು ಈ ಗುಂಪಿಗೆ ಸೇರಿವೆ. ಭಾರತ, ಬರ್ಮಾ ಮತ್ತು ಸಿಲೋನ್‌ಗಳ ಕ್ಯಾಟ್‌ಫಿಷ್‌ಗಳನ್ನು ಕುರಿತು ಹೋರಾ 1930ರ ದಶಕದಲ್ಲಿ ಲೇಖನಮಾಲೆಯೊಂದನ್ನು ಆರಂಭಿಸಿದರು. ಹತ್ತೊಂಬತ್ತನೆಯ ಶತಮಾನದ ಪ್ರಾಣಿಶಾಸ್ತ್ರಜ್ಞರು ಸಂಕ್ಷಿಪ್ತ ವಿವರಣೆಗಳ ಮೂಲಕ ಹೆಸರಿಸಿದ್ದ ಪ್ರಭೇದಗಳನ್ನು ಹೊಸ ಸಂಗ್ರಹಗಳೊಂದಿಗೆ ಹೋಲಿಸಿ, ಗೊಂದಲಗಳನ್ನು ಬಿಡಿಸುವುದು ಇದರ ಉದ್ದೇಶವಾಗಿತ್ತು.

1935ರಲ್ಲಿ ಪ್ರಕಟವಾದ ಮತ್ತೊಂದು ಪ್ರಬಂಧದಲ್ಲಿ ಅವರು ಭಾರತದ ಗಾಳಿ ಉಸಿರಾಡುವ ಮೀನುಗಳ ಶರೀರಕ್ರಿಯೆ ಮತ್ತು ವಿಕಾಸವನ್ನು ಚರ್ಚಿಸಿದರು. ಬೇಸಿಗೆಯಲ್ಲಿ ಬತ್ತುವ ಹೊಂಡಗಳು ಹಾಗೂ ಜೊಂಡು ತುಂಬಿದ ಜವುಗುಗಳ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಿರುತ್ತದೆ. ಅಲ್ಲಿ ಬಾಳುವ ಮುರುಗೋಡು, ಚೇಳುಮೀನು, ಕೊರವ ಮುಂತಾದ ಮೀನುಗಳು ಆಗಾಗ ಮೇಲಕ್ಕೆ ಬಂದು ಗಾಳಿಯನ್ನು ನುಂಗುತ್ತವೆ. ಅದನ್ನು ಬಳಸಿಕೊಳ್ಳಲು ಅವುಗಳಲ್ಲಿ ಕಿವಿರುಗಳ ಜೊತೆಗೆ ಬೇರೆ ಉಸಿರಾಟದ ಅಂಗಗಳೂ ಬೆಳೆದಿವೆ. ತೊರೆಯ ಮೀನಾಗಲಿ ಜವುಗಿನ ಮೀನಾಗಲಿ, ಅದರ ದೇಹವನ್ನು ಅರಿಯಬೇಕಾದರೆ ಅದು ಬಾಳುವ ನೀರನ್ನು ಅರಿಯಬೇಕೆಂಬುದು ಹೋರಾ ಅವರ ಸಂಶೋಧನೆಗಳ ಒಟ್ಟು ಆಶಯವಾಗಿತ್ತು.

ಸಾತ್ಪುರ ಸಿದ್ಧಾಂತ

ಪಶ್ಚಿಮ ಘಟ್ಟಗಳ ತೊರೆಗಳಲ್ಲಿರುವ ಕೆಲವು ಮೀನುಗಳ ಹತ್ತಿರದ ಬಂಧುಗಳು ಸಾವಿರಾರು ಕಿಲೋಮೀಟರ್ ದೂರದ ಅಸ್ಸಾಂ, ಬರ್ಮಾ ಮತ್ತು ಮಲಯದ ಬೆಟ್ಟಗಳಲ್ಲಿವೆ. ನಡುವಿನ ಒಣ ಬಯಲುಗಳಲ್ಲಿ ಅವು ಕಾಣಸಿಗುವುದಿಲ್ಲ. ಇದಕ್ಕೊಂದು ಉದಾಹರಣೆ ಕರ್ನಾಟಕದಲ್ಲೇ ಇದೆ. ಕಾವೇರಿ ನದಿಯ ಶಿವನಸಮುದ್ರದಿಂದ ದೊರೆತ ಚಪ್ಪಟೆ ಮೀನೊಂದನ್ನು ಹೋರಾ 1941ರಲ್ಲಿ ಬಾಲಿಟೋರಾ ಮೈಸೂರೆನ್ಸಿಸ್ ಎಂದು ಹೆಸರಿಸಿ ವರ್ಣಿಸಿದರು. ಇದೇ ಕುಲದ ಇತರ ಮೀನುಗಳು ಪೂರ್ವ ಹಿಮಾಲಯ ಮತ್ತು ಬರ್ಮಾದ ತೊರೆಗಳಲ್ಲಿವೆ. ಬಂಡೆಗೆ ಅಂಟಿಕೊಂಡು ಬಾಳುವ ಇಂತಹ ಮೀನು ಬಯಲುನಾಡಿನ ನಿಧಾನಗತಿಯ ನದಿಗಳನ್ನು ದಾಟಿ ಬರಲಾರದು.

ಈ ಪ್ರಶ್ನೆಗೆ ಹೋರಾ 1937ರಿಂದ ಉತ್ತರ ಹುಡುಕತೊಡಗಿದರು. 1944 ಮತ್ತು 1949ರ ಪ್ರಬಂಧಗಳಲ್ಲಿ ತಮ್ಮ ವಿಚಾರಕ್ಕೆ ಸ್ಪಷ್ಟ ರೂಪ ಕೊಟ್ಟರು. ಅವರ ಪ್ರಕಾರ, ಈಗ ಗಂಗಾ ಮತ್ತು ಬ್ರಹ್ಮಪುತ್ರ ನದಿಗಳು ಹಾದುಹೋಗುವ ಗಾರೋ ಬೆಟ್ಟ ಮತ್ತು ರಾಜಮಹಲ್ ಬೆಟ್ಟಗಳ ನಡುವಿನ ತಗ್ಗು ಹಿಂದೊಮ್ಮೆ ಎತ್ತರದ ನೆಲವಾಗಿತ್ತು. ಹಿಮಯುಗದ ಅವಧಿಗಳಲ್ಲಿ ಮಧ್ಯಭಾರತದ ವಿಂಧ್ಯ ಹಾಗೂ ಸಾತ್ಪುರ ಶ್ರೇಣಿಗಳು ಇಂದಿಗಿಂತ ತಂಪಾಗಿಯೂ ತೇವವಾಗಿಯೂ ಇದ್ದವು. ಒಂದು ತೊರೆಯು ಇನ್ನೊಂದರ ಮೇಲ್ಭಾಗವನ್ನು ಸವೆದು ತನ್ನೊಳಗೆ ಸೇರಿಸಿಕೊಳ್ಳುವ ಕ್ರಿಯೆ ಪದೇ ಪದೇ ನಡೆದು, ಬೆಟ್ಟದ ಮೀನುಗಳು ಹಂತಹಂತವಾಗಿ ಪಶ್ಚಿಮಕ್ಕೆ ಸರಿದು ಸಹ್ಯಾದ್ರಿಯನ್ನು ತಲುಪಿದವು. ಬಳಿಕ ಹವೆ ಒಣಗಿದಾಗ ನಡುವಿನ ಕೊಂಡಿಗಳು ಅಳಿದುಹೋದವು.

ಈ ಸಿದ್ಧಾಂತವು ಮೀನುಗಳ ಆಚೆಗೂ ಆಸಕ್ತಿಯನ್ನು ಹುಟ್ಟಿಸಿತು. ಸಸ್ಯಗಳು, ಪಕ್ಷಿಗಳು ಮತ್ತು ಇತರ ಪ್ರಾಣಿಗಳ ಹಂಚಿಕೆಯನ್ನು ಅಧ್ಯಯನ ಮಾಡುವವರೂ ಇದನ್ನು ಪರಿಶೀಲಿಸಿದರು. ಎ. ಜಿ. ಕೆ. ಮೆನನ್ 1951ರಲ್ಲಿ ಪೂರ್ವ ಘಟ್ಟಗಳ ಪಾತ್ರವನ್ನು ಚರ್ಚಿಸಿದರು. ಇ. ಜಿ. ಸೈಲಸ್ 1952ರಲ್ಲಿ ಇದೇ ವಿಚಾರವನ್ನು ಮತ್ತಷ್ಟು ವಿಸ್ತರಿಸಿದರು.

ಸಾತ್ಪುರ ಸಿದ್ಧಾಂತವು ಸಾರ್ವತ್ರಿಕವಾಗಿ ಅಂಗೀಕೃತವಾಗಿಲ್ಲ. ಭಾರತದ ಭೂಭಾಗವು ಗೊಂಡ್ವಾನದಿಂದ ಬೇರ್ಪಟ್ಟು ಏಷ್ಯಾಕ್ಕೆ ಬಂದು ಸೇರಿತೆಂಬ ಭೂಫಲಕ ವಿಜ್ಞಾನವು ಹೋರಾ ಅವರ ಮರಣಾನಂತರ ನೆಲೆಗೊಂಡಿತು. ಹಿಂದೆ ಎಲ್ಲೆಡೆ ಹರಡಿದ್ದ ಜೀವಿಗಳು ನಡುವಿನ ಪ್ರದೇಶದಲ್ಲಿ ಮಾತ್ರ ಅಳಿದಿರಬಹುದು ಎಂಬುದು ಇನ್ನೊಂದು ವಿವರಣೆ. ಎರಡು ಕಡೆಯ ಜೀವಿಗಳು ಒಂದೇ ಬಗೆಯ ನೆಲೆಯಲ್ಲಿ ಬಾಳಿದ್ದರಿಂದ ಪ್ರತ್ಯೇಕವಾಗಿಯೇ ಒಂದೇ ರೂಪವನ್ನು ತಾಳಿರಬಹುದು ಎಂಬ ಆಕ್ಷೇಪವೂ ಇದೆ. ಸೆಳವು ಸಂಬಂಧವಿಲ್ಲದ ಜೀವಿಗಳಿಗೂ ಸಮಾನ ರೂಪವನ್ನು ಕೊಡುತ್ತದೆಂದು ಹೋರಾ ಅವರೇ ತಮ್ಮ ಆರಂಭಿಕ ಸಂಶೋಧನೆಯಲ್ಲಿ ತೋರಿಸಿದ್ದರಿಂದ ಈ ಆಕ್ಷೇಪಕ್ಕೆ ವಿಶೇಷ ತೂಕವಿದೆ. ರೂಪದ ಹೋಲಿಕೆಯಲ್ಲಿ ಎಷ್ಟು ರಕ್ತಸಂಬಂಧದ್ದು, ಎಷ್ಟು ನೆಲೆಯ ಪ್ರಭಾವದ್ದು ಎಂಬುದನ್ನು ಬೇರ್ಪಡಿಸುವ ಅನುವಂಶಿಕ ವಿಧಾನಗಳು ಅವರ ಕಾಲದಲ್ಲಿ ಲಭ್ಯವಿರಲಿಲ್ಲ. ಆದರೂ ಅವರು ಎತ್ತಿದ ಪ್ರಶ್ನೆಯು ದಕ್ಷಿಣ ಏಷ್ಯಾದ ಜೀವಭೂಗೋಳದ ಮುಖ್ಯ ಪ್ರಶ್ನೆಗಳಲ್ಲಿ ಒಂದಾಗಿ ಉಳಿದಿದೆ.

ಯುದ್ಧಕಾಲ ಮತ್ತು ಆಡಳಿತ

ಎರಡನೆಯ ಮಹಾಯುದ್ಧದ ಸಮಯದಲ್ಲಿ ಕಲ್ಕತ್ತೆಗೆ ಬಾಂಬ್ ದಾಳಿಯ ಭೀತಿ ಎದುರಾದಾಗ, 1942ರಲ್ಲಿ ಸರ್ವೇಕ್ಷಣಾಲಯದ ಸಂಗ್ರಹಗಳನ್ನು ವಾರಾಣಸಿಗೆ ಸಾಗಿಸಲಾಯಿತು. ಆದರೆ 1943ರ ಸೆಪ್ಟೆಂಬರ್‌ನಲ್ಲಿ ವರುಣಾ ನದಿಗೆ ಬಂದ ಪ್ರವಾಹದಲ್ಲಿ ಆ ಸಂಗ್ರಹಗಳೂ ಗ್ರಂಥಗಳೂ ಬಹಳಷ್ಟು ಹಾನಿಗೊಳಗಾದವು. ಪ್ರಭೇದವೊಂದನ್ನು ಮೊದಲು ವರ್ಣಿಸುವಾಗ ಬಳಸಿದ ಮಾದರಿಯೇ ಮುಂದಿನ ಎಲ್ಲ ಹೋಲಿಕೆಗಳಿಗೂ ಆಧಾರವಾಗುವುದರಿಂದ, ಇಂತಹ ನಷ್ಟವು ವರ್ಗೀಕರಣ ಶಾಸ್ತ್ರಕ್ಕೆ ದೊಡ್ಡ ಪೆಟ್ಟು.

ಈ ಅವಧಿಯಲ್ಲಿ ಹೋರಾ ಬಂಗಾಳ ಸರ್ಕಾರದ ಮೀನುಗಾರಿಕೆ ನಿರ್ದೇಶಕರಾಗಿ ಸೇವೆ ಸಲ್ಲಿಸಿದರು. 1943ರ ಭೀಕರ ಕ್ಷಾಮವನ್ನು ಕಂಡ ಪ್ರಾಂತ್ಯದಲ್ಲಿ ಮೀನು ಜನಸಾಮಾನ್ಯರ ಆಹಾರದ ಮುಖ್ಯ ಭಾಗವಾಗಿತ್ತು. ಮೀನು ಸಾಕಣೆಯ ವಿಷಯದಲ್ಲಿ ಅವರ ಆಸಕ್ತಿಯು ಕೊನೆಯವರೆಗೂ ಮುಂದುವರಿಯಿತು. ಟಿ. ವಿ. ಆರ್. ಪಿಳ್ಳೈ ಅವರೊಂದಿಗೆ ರಚಿಸಿದ ಇಂಡೋ-ಪೆಸಿಫಿಕ್ ಪ್ರದೇಶದ ಮೀನು ಸಾಕಣೆಯ ಕೈಪಿಡಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1962ರಲ್ಲಿ, ಅಂದರೆ ಹೋರಾ ಅವರ ನಿಧನಾನಂತರ, ಪ್ರಕಟಿಸಿತು.

1947ರಲ್ಲಿ ಬೇನಿ ಪ್ರಸಾದ್ ಅವರು ಸರ್ಕಾರದ ಸಲಹೆಗಾರರಾಗಿ ತೆರಳಿದ ಬಳಿಕ ಸರ್ವೇಕ್ಷಣಾಲಯದ ನೇತೃತ್ವವು ಹೋರಾ ಅವರಿಗೆ ಬಂದಿತು. ಯುದ್ಧ, ಪ್ರವಾಹ ಮತ್ತು ದೇಶವಿಭಜನೆಗಳ ನಂತರದ ಕಾಲದಲ್ಲಿ ಅವರು ಸಂಸ್ಥೆಯನ್ನು ಮುನ್ನಡೆಸಿದರು.

ಪ್ರಾಚೀನ ಗ್ರಂಥಗಳ ಅಧ್ಯಯನ

ಪ್ರಾಚೀನ ಭಾರತೀಯರಿಗೆ ಮೀನುಗಳ ಬಗ್ಗೆ ಇದ್ದ ತಿಳಿವಳಿಕೆಯನ್ನು ಕುರಿತು ಹೋರಾ ಹಲವು ಲೇಖನಗಳನ್ನು ಬರೆದರು. 1935ರ ಲೇಖನವೊಂದರಲ್ಲಿ, ಮೀನಿನ ಆಕಾರಕ್ಕೂ ಅದು ಚಲಿಸುವ ರೀತಿಗೂ ಇರುವ ಸಂಬಂಧದ ಕುರಿತು ಪ್ರಾಚೀನರಿಗಿದ್ದ ಕಲ್ಪನೆಯನ್ನು ವಿವೇಚಿಸಿದರು. ಮುಂದೆ ಕೌಟಿಲ್ಯನ ಅರ್ಥಶಾಸ್ತ್ರ, ಕೆಲವು ದಿನಗಳಲ್ಲಿ ಮೀನು ಹಿಡಿಯುವುದನ್ನೂ ಮಾರುವುದನ್ನೂ ನಿಷೇಧಿಸಿದ ಅಶೋಕನ ಐದನೆಯ ಸ್ತಂಭಶಾಸನ, ಸೂತ್ರ ಮತ್ತು ಸ್ಮೃತಿಗಳು ಹಾಗೂ ಜಾತಕ ಕಥೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿದರು.

ಇವುಗಳಲ್ಲಿ ಕನ್ನಡಿಗರಿಗೆ ವಿಶೇಷ ಆಸಕ್ತಿಯುಳ್ಳದ್ದು 1951ರಲ್ಲಿ ಪ್ರಕಟವಾದ ಮಾನಸೋಲ್ಲಾಸದ ಅಧ್ಯಯನ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಈ ಗ್ರಂಥದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವಿದೆ. ಮೀನುಗಳ ಬಗೆಗಳು, ಅವುಗಳಿಗೆ ಹಾಕಬೇಕಾದ ಆಹಾರ ಮತ್ತು ಗಾಳ ಹಾಕಿ ಹಿಡಿಯುವ ವಿಧಾನಗಳನ್ನು ಅಲ್ಲಿ ವಿವರಿಸಲಾಗಿದೆ. ಹೋರಾ ಈ ಅಧ್ಯಾಯವನ್ನು ಮತ್ಸ್ಯವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿ ವಿಜ್ಞಾನಲೋಕದ ಗಮನಕ್ಕೆ ತಂದರು.

ಹೋರಾಗ್ಲಾನಿಸ್

ಕೇರಳದ ಕೋಟ್ಟಯಂ ಪ್ರದೇಶದ ಬಾವಿಗಳಿಂದ ದೊರೆತ ವಿಚಿತ್ರ ಮೀನೊಂದನ್ನು ಎ. ಜಿ. ಕೆ. ಮೆನನ್ 1950ರಲ್ಲಿ ಹೊಸ ಕುಲ ಮತ್ತು ಹೊಸ ಪ್ರಭೇದವೆಂದು ವರ್ಣಿಸಿ, ಹೋರಾಗ್ಲಾನಿಸ್ ಕೃಷ್ಣೈ ಎಂದು ಹೆಸರಿಟ್ಟರು. ಗ್ಲಾನಿಸ್ ಎಂಬುದು ಕ್ಯಾಟ್‌ಫಿಷ್‌ಗೆ ಇರುವ ಪ್ರಾಚೀನ ಗ್ರೀಕ್ ಹೆಸರು. ಹಾಗಾಗಿ ಕುಲನಾಮಕ್ಕೆ ಹೋರಾ ಅವರ ಕ್ಯಾಟ್‌ಫಿಷ್ ಎಂಬ ಅರ್ಥ ಬರುತ್ತದೆ. ಸುಮಾರು 4 ಸೆಂಟಿಮೀಟರ್ ಉದ್ದ ಬೆಳೆಯುವ ಈ ಮೀನು ಮುರುಗೋಡು ಸೇರಿರುವ ಕ್ಲಾರಿಡೇ ಕುಟುಂಬಕ್ಕೆ ಸೇರಿದೆ.

ಈ ಮೀನಿಗೆ ಕಣ್ಣುಗಳಿಲ್ಲ. ಚರ್ಮದಲ್ಲಿ ವರ್ಣದ್ರವ್ಯವೂ ಇಲ್ಲದ ಕಾರಣ ಒಳಗಿನ ರಕ್ತದ ಬಣ್ಣ ಹೊರಗೆ ತೋರಿ, ಜೀವಂತ ಮೀನು ಕೆಂಪಾಗಿ ಕಾಣುತ್ತದೆ. ಎದೆಯ ಈಜುರೆಕ್ಕೆಗಳು ತೀರಾ ಕುಗ್ಗಿವೆ. ಮುರುಗೋಡಿನಲ್ಲಿರುವ, ಗಾಳಿಯನ್ನು ಉಸಿರಾಡಲು ನೆರವಾಗುವ ಹೆಚ್ಚುವರಿ ಅಂಗವೂ ಇದರಲ್ಲಿಲ್ಲ. ಇದರ ನಿಜವಾದ ನೆಲೆ ಬಾವಿಯಲ್ಲ, ಬಾವಿಗೆ ನೀರೂಡಿಸುವ ಜಂಬಿಟ್ಟಿಗೆ ಕಲ್ಲಿನ ಸಂದುಗಳಲ್ಲಿರುವ ಅಂತರ್ಜಲ. ಬಾವಿ ತೋಡಿದಾಗ, ಹೂಳೆತ್ತಿದಾಗ ಅಥವಾ ನೀರು ಸೇದಿದಾಗ ಮಾತ್ರ ಇದು ಮನುಷ್ಯರ ಕಣ್ಣಿಗೆ ಬೀಳುತ್ತದೆ. ಬೆಳಕಿಲ್ಲದ ನೆಲೆಯಲ್ಲಿ ಕಣ್ಣು ಹಾಗೂ ಮೈಬಣ್ಣಗಳಿಂದ ಪ್ರಯೋಜನವಿಲ್ಲ. ಹಲವು ತಲೆಮಾರುಗಳಲ್ಲಿ ಅವು ಕುಗ್ಗಿ ಇಲ್ಲವಾಗುವುದನ್ನು ಲೋಕದ ಬೇರೆ ಬೇರೆ ಭಾಗಗಳ ಗುಹಾಮೀನುಗಳಲ್ಲಿಯೂ ಕಾಣಬಹುದು. ಕ್ಲಾರಿಡೇ ಕುಟುಂಬದ್ದೆಂದು ಹಿಂದೆ ಪರಿಗಣಿಸಲಾಗಿದ್ದ ಇನ್ನೊಂದು ಕುರುಡು ಮೀನು, ಯುಯೆಗಿಟ್‌ಗ್ಲಾನಿಸ್, ಆಫ್ರಿಕಾದ ಸೊಮಾಲಿಯಾದ ಅಂತರ್ಜಲದಲ್ಲಿದೆ.

ದಶಕಗಳವರೆಗೆ ಈ ಕುಲದಲ್ಲಿ ಒಂದೇ ಪ್ರಭೇದವಿದೆಯೆಂದು ತಿಳಿಯಲಾಗಿತ್ತು. 2004ರಲ್ಲಿ ತ್ರಿಶೂರ್ ಜಿಲ್ಲೆಯಿಂದ ಹೋರಾಗ್ಲಾನಿಸ್ ಅಲಿಕುಂಞೀ, 2012ರಲ್ಲಿ ಅದೇ ಜಿಲ್ಲೆಯಿಂದ ಹೋರಾಗ್ಲಾನಿಸ್ ಅಬ್ದುಲ್‌ಕಲಾಮಿ ಎಂಬ ಪ್ರಭೇದಗಳು ವರ್ಣಿತವಾದವು. 2023ರಲ್ಲಿ ಹೋರಾಗ್ಲಾನಿಸ್ ಪಾಪ್ಯುಲಿ ಎಂಬ ನಾಲ್ಕನೆಯ ಪ್ರಭೇದವನ್ನು ಹೆಸರಿಸಲಾಯಿತು. ತಮ್ಮ ಮನೆಯ ಬಾವಿ ಮತ್ತು ನಲ್ಲಿಗಳಲ್ಲಿ ಕಂಡ ಮೀನುಗಳ ಬಗ್ಗೆ ಮಾಹಿತಿ ನೀಡಿ ಸಂಶೋಧನೆಗೆ ನೆರವಾದ ಕೇರಳದ ಜನರ ಗೌರವಾರ್ಥವಾಗಿ ಆ ಹೆಸರನ್ನು ಆರಿಸಲಾಯಿತು. ಈ ಕುಲದ ಮೀನುಗಳು ಅನುವಂಶಿಕವಾಗಿ ಸ್ಪಷ್ಟವಾಗಿ ಬೇರೆಯಾಗಿದ್ದರೂ ಹೊರನೋಟಕ್ಕೆ ಒಂದೇ ರೀತಿ ಇರುವುದು ಅದೇ ಅಧ್ಯಯನದಿಂದ ತಿಳಿದುಬಂದಿತು. ನೆಲೆಯು ದೇಹವನ್ನು ರೂಪಿಸುವ ಬಗೆಯನ್ನು ಕುರಿತು ಹೋರಾ ಎತ್ತಿದ್ದ ಪ್ರಶ್ನೆಗಳಿಗೆ ಅವರ ಹೆಸರನ್ನು ಹೊತ್ತ ಮೀನುಗಳೇ ಹೀಗೆ ಹೊಸ ಸಾಕ್ಷ್ಯವನ್ನು ಒದಗಿಸಿವೆ.

ಅಂತರ್ಜಲವನ್ನೇ ನಂಬಿರುವ ಈ ಮೀನುಗಳ ಉಳಿವು ಬಾವಿಗಳ ನೀರಿನ ಮಟ್ಟ ಮತ್ತು ಶುದ್ಧತೆಯನ್ನು ಅವಲಂಬಿಸಿದೆ. ಮಿತಿಮೀರಿದ ನೀರೆತ್ತುವಿಕೆ, ಜಂಬಿಟ್ಟಿಗೆ ಕಲ್ಲಿನ ಗಣಿಗಾರಿಕೆ ಮತ್ತು ಮಾಲಿನ್ಯ ಇವುಗಳಿಗೆ ಅಪಾಯ ತರುವಂತಹವು.

ಗೌರವಗಳು ಮತ್ತು ನಿಧನ

ಹೋರಾ ಅವರು 1951–52ರಲ್ಲಿ ಭಾರತದ ರಾಷ್ಟ್ರೀಯ ವಿಜ್ಞಾನ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಈ ಸಂಸ್ಥೆಯು ಇಂದು ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಎಂಬ ಹೆಸರನ್ನು ಹೊಂದಿದೆ. 1954ರಲ್ಲಿ ಹೈದರಾಬಾದಿನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷತೆಯನ್ನು ಅವರು ವಹಿಸಿದ್ದರು. ಏಷ್ಯಾಟಿಕ್ ಸೊಸೈಟಿಯ ಜಯಗೋವಿಂದ ಲಾ ಪದಕವೂ ಅವರಿಗೆ ಸಂದಿತ್ತು. ಸರ್ವೇಕ್ಷಣಾಲಯದ ನಿರ್ದೇಶಕರಾಗಿರುವಾಗಲೇ 1955ರ ಡಿಸೆಂಬರ್ 8ರಂದು ನಿಧನರಾದರು.

ಹಲವು ಮೀನುಗಳ ಕುಲಗಳು ಹೋರಾ ಅವರ ಹೆಸರನ್ನು ಹೊತ್ತಿವೆ. ಹೋರಾಗ್ಲಾನಿಸ್‌ನ ಜೊತೆಗೆ ಹೋರಾಇಕ್ತಿಸ್ (1940), ಶ್ರೀಲಂಕಾದ ಪುಟ್ಟ ಮೀನು ಹೋರಾಡಾಂಡಿಯಾ (1943), ಹೋರಾಲಾಬಿಯೋಸಾ (1954) ಮತ್ತು ಪಶ್ಚಿಮ ಘಟ್ಟಗಳ ನದಿಗಳ ಹಳದಿ ಬಣ್ಣದ ಕ್ಯಾಟ್‌ಫಿಷ್ ಹೋರಾಬ್ಯಾಗ್ರಸ್ (1955) ಇವುಗಳಲ್ಲಿ ಸೇರಿವೆ. ಅವರು ವರ್ಣಿಸಿದ ಬಾಲಿಟೋರಾ ಮೈಸೂರೆನ್ಸಿಸ್ ಮುಂತಾದ ಪ್ರಭೇದಗಳ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಎ. ಜಿ. ಕೆ. ಮೆನನ್, ಕೆ. ಸಿ. ಜಯರಾಮ್ ಮೊದಲಾದ ಮುಂದಿನ ತಲೆಮಾರಿನ ವಿಜ್ಞಾನಿಗಳು ಭಾರತದ ಸಿಹಿನೀರಿನ ಮೀನುಗಳ ಅಧ್ಯಯನವನ್ನು ಮುಂದುವರಿಸಿದರು.